ಫ್ರಾನ್ಸ್, ವಯಾ ಹಲಗೇರಿ

ದುಡ್ಡು ಕೊಟ್ಟು ನಡೆಯುವುದು ಎಂಬ ಸಂಗತಿ ಮೊದಲ ಸಲ ಕಿವಿಗೆ ಬಿದ್ದಾಗ ವಿರೂಪಾಕ್ಷಪ್ಪನವರು ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು ಅವರು. ಜನ ಯಾವ ಯಾವುದಕ್ಕೆ ದುಡ್ಡು ಕೊಡುತ್ತಾರೆ ಎಂಬ ವಿಷಯದಲ್ಲಿ ಅವರಿಗೆ ಹೊಸದಾಗಿ ಕಲಿಯುವುದು ಏನೂ ಉಳಿದಿರಲಿಲ್ಲ. ನೀರು ಹೊಡೆದ ಕಾಯಿಗೆ ಕೊಟ್ಟದ್ದನ್ನು ನೋಡಿದ್ದರು. ಬಣ್ಣ ಹಾರಿದ ಕಾಯಿಗೆ ಕೊಟ್ಟದ್ದನ್ನೂ ನೋಡಿದ್ದರು (ಕೊಡಿಸಿದ್ದೂ ಉಂಟು). ಆದರೆ ದೇವರು ಪುಕ್ಕಟೆ ಕೊಟ್ಟ ಎರಡು ಕಾಲುಗಳನ್ನು ಒಂದರ ಮುಂದೊಂದು ಇಡುವುದಕ್ಕೆ, ಅದೂ ಪರದೇಶದ ನೆಲದ ಮೇಲೆ ಇಡುವುದಕ್ಕೆ, ಯಾರಾದರೂ ಮುಂಗಡ ಕಟ್ಟುತ್ತಾರೆ ಎಂದರೆ ಅವರ ವ್ಯಾಪಾರ ಜ್ಞಾನದ ಬುಡವೇ ಅಲುಗಾಡಿತು.

ಬುಡಕ್ಕೆ ಕೈ ಹಾಕಿದವಳು ಸುರೇಖಾ. ರಾಣೇಬೆನ್ನೂರಿನಲ್ಲಿ ಹಿಂದಿ ಟೀಚರಾಗಿದ್ದು ನಿವೃತ್ತಳಾದವಳು, ವಿರೂಪಾಕ್ಷಪ್ಪನವರ ಹೆಂಡತಿ ಶ್ರೀದೇವಿಯ ಶಾಲೆಯ ದಿನಗಳ ಗೆಳತಿ. ಹೋದ ವರ್ಷ ಆಕೆ ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿ ಊರಿಂದ ಊರಿಗೆ ನಡೆದು ಬಂದಿದ್ದಳು. ಈ ಬೇಸಿಗೆಗೆ ಮತ್ತೆ ಹೊರಟಿದ್ದಳು. ಬರುತ್ತೀಯಾ ಎಂದು ಶ್ರೀದೇವಿಯನ್ನೂ ಕೇಳಿದ್ದಳು. ಹೀಗಾಗಿ ಆ ದಿನ ಊಟದ ಹೊತ್ತಿಗೆ ಮೊಬೈಲು ಶೇಂಗಾ ಚಟ್ನಿಯ ಡಬ್ಬಿಗೆ ಒರಗಿ ನಿಂತು ಫೋಟೋ ತೋರಿಸತೊಡಗಿತು. ಒಂದು ಅಡವಿ. ಅಡವಿ ದಾಟಿದರೆ ಗೋದಿ ಹೊಲ. ಹೊಲ ದಾಟಿದರೆ ಕಲ್ಲುಗೋಡೆಯ ಹಳ್ಳಿ. ಹಳ್ಳಿಯಲ್ಲೊಂದು ಚರ್ಚು, ಚರ್ಚಿನ ಹಿಂದೊಂದು ಆಕಳು. ಆಮೇಲೆ ಮತ್ತೆ ಅಡವಿ.

ಆಕಳನ್ನು ವಿರೂಪಾಕ್ಷಪ್ಪನವರು ಹತ್ತಿರ ತಂದು ನೋಡಿದರು. ಹಲಗೇರಿಯ ಆಕಳೂ ಫೋಟೋಕ್ಕೆ ಹೀಗೇ ಮುಖ ಕೊಡುತ್ತದೆ ಎಂದರು. ಏನಾದರೊಂದು ಐಬು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಿಂದ, ಇಷ್ಟು ದೂರ ಗಂಟು ಹೊರುವವರು ಯಾರು ಎಂದು ಕೇಳಿದರು. ಗಂಟು ಹೊರುವಂತಿಲ್ಲವಂತೆ. ಬೆಳಿಗ್ಗೆ ಪ್ರತಿ ಬ್ಯಾಗಿಗೆ ಒಂದು ಚೀಟಿ ಕಟ್ಟಿ ಬಾಗಿಲಲ್ಲಿಟ್ಟರೆ ವ್ಯಾನು ಬಂದು ಒಯ್ಯುತ್ತದೆ, ಮುಂದಿನ ಊರಿನಲ್ಲಿ ಇಳಿಸುತ್ತದೆ. ಮನುಷ್ಯರು ಮಾತ್ರ ನಡೆದು ಹೋಗಿ ಸಂಜೆ ತಮ್ಮ ತಮ್ಮ ಗಂಟನ್ನು ಕೂಡಿಕೊಳ್ಳುತ್ತಾರೆ.

"ಅಂದ್ರ ಚೀಲಕ್ಕ ಗಾಡಿ, ಸಾವ್ಕಾರಗ ಕಾಲ್ನಡಿಗಿ," ಎಂದರು ವಿರೂಪಾಕ್ಷಪ್ಪನವರು. "ನಮ್ಮ ಹಮಾಲರ ಮುಂದ ಹೇಳಬ್ಯಾಡ. ನಕ್ಕು ನಕ್ಕು ಚೀಲ ಕೆಡವ್ಯಾರು."

ಶ್ರೀದೇವಿ ನಗಲಿಲ್ಲ. ಮೊಬೈಲು ಎತ್ತಿಟ್ಟು, ಮಜ್ಜಿಗೆ ಬಡಿಸುತ್ತ, ಬಹಳ ದಿನದಿಂದ ಹದ ಮಾಡಿಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದಳು.

"ಮದಿವ್ಯಾದಾಗಿಂದ ಎಲ್ಲಿ ಹೋದ್ರೂ ಪ್ಯಾಟಿನ ನೋಡೇನ್ರಿ ನಾ. ಗೋಕರ್ಣಕ್ಕ ಅಂತ ಹೊಂಟ್ವಿ, ಹುಬ್ಬಳ್ಳಿ ಗೋದಾಮಿನ್ಯಾಗ ಮಧ್ಯಾಹ್ನ ಆತು. ಹಂಪಿಗೆ ಹೋದ್ವಿ, ನೀವು ಹೊಸಪೇಟ್ಯಾಗ ಮಾಲು ನೋಡಾಕ ಹೋದ್ರಿ, ನಾ ಗಾಡ್ಯಾಗ ಕುಂತ ಬೋರ್ಡಿನ ಮ್ಯಾಲಿನ ಗೋಪುರ ನೋಡಿದೆ. ಒಮ್ಮೆರೆ ಮೆಣಸಿನಕಾಯಿ ಇಲ್ಲದ ದಾರಿ ಹಿಡದ ನಡೀಬೇಕನಸೇತಿ."

ಮಾತಿನಲ್ಲಿ ಸೋತಾಗ ವ್ಯಾಪಾರಸ್ಥ ಕರಾರು ಹಾಕುತ್ತಾನೆ. ವಿರೂಪಾಕ್ಷಪ್ಪನವರಿಗೆ ಹೆಂಡತಿಯ ಮೊಣಕಾಲು ನೆನಪಾಯಿತು. ಮಾಳಿಗೆ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಶಿವನನ್ನು ಕರೆಯುವ ಮೊಣಕಾಲು ಅದು. ಹಾಗಾಗಿ ಅವರು ಬಹಳ ಉದಾರವಾದ ದನಿಯಲ್ಲಿ, ಫ್ರಾನ್ಸಿನಲ್ಲಿ ನಡೆಯುವವರು ಮೊದಲು ಇಲ್ಲಿ ನಡೆದು ತೋರಿಸಲಿ ಎಂದರು. ಬ್ಯಾಡಗಿಯಿಂದ ದೇವರಗುಡ್ಡ. ಹೆದ್ದಾರಿ ಬಿಟ್ಟು ಹೊಲದ ದಾರಿ ಹಿಡಿಯುವುದು, ರಾತ್ರಿ ಹಲಗೇರಿಯಲ್ಲಿ ಉಳಿಯುವುದು. ಅಡವಿಗೆ ಅಡವಿ, ಹೊಲಕ್ಕೆ ಹೊಲ, ಹಳ್ಳಿಗೆ ಹಳ್ಳಿ, ಚರ್ಚಿನ ಜಾಗದಲ್ಲಿ ಮಾಲತೇಶ ದೇವರ ಗುಡಿ. ತಾವೂ ಜೊತೆಗೆ ಬರುವುದಾಗಿ ಹೇಳಿದರು, ಆಕೆ ನಡುದಾರಿಯಲ್ಲಿ ಕುಳಿತಾಗ ಕಣ್ಣಾರೆ ನೋಡಲು.

"ಗಾಲಿ ಮ್ಯಾಲ ಹತ್ತಿದವ್ರು ಸೋತಾಂಗ," ಎಂದರು. "ಹತ್ತಿದಿ ಅಂದ್ರ ಈ ಮನ್ಯಾಗ ಫ್ರಾನ್ಸಿನ ಹೆಸರು ಎತ್ತೂ ಹಂಗಿಲ್ಲ."

"ನೀವು ಹತ್ತಿದ್ರ?"

ಅವರಿಗೆ ನಗು ಬಂತು. "ನಾ ಹತ್ತಿದ್ರ ನೀ ಹೇಳಿದಂಗ."

"ಹೇಳಿದಂಗ ಅಂದ್ರ ಹೇಳಿದಂಗ ಆಗಬೇಕ ನೋಡ್ರಿ."

ಬ್ಯಾಡಗಿ ಪೇಟೆಯಲ್ಲಿ ಆಡಿದ ಮಾತನ್ನು ಹೊಳ್ಳಿ ನುಂಗುವ ಪದ್ಧತಿ ಇಲ್ಲ, ಮನೆಯಲ್ಲೂ ಇಲ್ಲ ಎಂದರು ವಿರೂಪಾಕ್ಷಪ್ಪನವರು. ಶ್ರೀದೇವಿ ಅಲ್ಲಿಂದಲೇ ಸುರೇಖಾಳಿಗೆ ಫೋನು ಹಚ್ಚಿ, ಸ್ಪೀಕರು ಹಾಕಿ, ಇದೇ ಮಾತನ್ನು ಅವರ ಬಾಯಿಂದ ಇನ್ನೊಮ್ಮೆ ಆಡಿಸಿದಳು. ಸಾಕ್ಷಿ ಗಟ್ಟಿಯಾಯಿತು.

ಪೇಟೆಯಲ್ಲಿ ಮಾಲು ಹರಾಜಾಗುವ ಟೆಂಡರು ಸೋಮವಾರ ಮತ್ತು ಗುರುವಾರ. ಆದ್ದರಿಂದ ಮಂಗಳವಾರ ನಸುಕಿನಲ್ಲಿ ಹೊರಟರು. ವಿರೂಪಾಕ್ಷಪ್ಪನವರು ಈ ಮಹಾಪ್ರಸ್ಥಾನಕ್ಕೆಂದೇ ಹೊಸ ಬೂಟು ತಂದಿದ್ದರು. ಅಂಗಡಿಯವನು ಇದು ಓಡುವ ಬೂಟು ಎಂದಿದ್ದ. ನಿಜ, ಊರು ದಾಟುವುದರೊಳಗೆ ಅವರಿಗೆ ಮನೆಯ ಕಡೆ ಓಡಬೇಕೆನ್ನಿಸಿತು. ಶ್ರೀದೇವಿಯ ಕಾಲಲ್ಲಿ ಸಂತೆಯ ಹಳೆ ಚಪ್ಪಲಿ, ಹೆಗಲಿಗೆ ಬುತ್ತಿಯ ಕೈಚೀಲ. ಆಕೆ ಬಾವಿಗೆ ನೀರಿಗೆ ಹೋಗುವವರ ಹಾಗೆ, ಅವಸರವೂ ಇಲ್ಲದೆ ಸಾವಕಾಶವೂ ಇಲ್ಲದೆ ನಡೆಯುತ್ತಿದ್ದಳು. ಮೊಣಕಾಲಿನ ಸುದ್ದಿಯೇ ಇಲ್ಲ. ಅರ್ಧ ವರ್ಷದಿಂದ ಆಕೆ ದಿನಾ ಬೆಳಿಗ್ಗೆ ಗುಡಿಗೆ ಹೋಗಿಬರಲು ಅಷ್ಟು ಹೊತ್ತು ಯಾಕೆ ತೆಗೆದುಕೊಳ್ಳುತ್ತಿದ್ದಳು, ದೇವರ ಹತ್ತಿರ ಅಷ್ಟು ಮಾತಾಡುವುದು ಏನಿತ್ತು ಎಂಬುದು ಅವರಿಗೆ ಈಗ, ತಡವಾಗಿ, ಹೊಳೆಯಿತು.

ಫ್ರಾನ್ಸಿನ ಹಳ್ಳಿದಾರಿಯಲ್ಲಿ ನಡೆಯುವವರನ್ನು ಯಾರೂ ಮಾತಾಡಿಸುವುದಿಲ್ಲವಂತೆ. ಕಂಡವರು ಒಂದು ನಮಸ್ಕಾರ ಹೇಳಿ ತಮ್ಮ ಪಾಡಿಗೆ ತಾವು ಹೋಗುತ್ತಾರಂತೆ. ನಮ್ಮ ಕಡೆ ದೊಡ್ಡ ಮನುಷ್ಯರು ನಡೆದು ಹೊರಟರೆ ಅದಕ್ಕೊಂದು ಕಾರಣ ಇರಲೇಬೇಕು, ಆ ಕಾರಣ ಕೇಳದೆ ಮುಂದೆ ಹೋದರೆ ಮರ್ಯಾದೆಗೆ ಕೊರತೆ. ಮೊದಲು ಸಿಕ್ಕವನು ನಿಜಲಿಂಗಪ್ಪ, ಅವರ ಅಂಗಡಿಗೇ ಮಾಲು ಹಾಕುವ ರೈತ. ಬೈಕು ನಿಲ್ಲಿಸಿ, ಹಿಂದೆ ಹತ್ತಲು ಹೇಳಿದ. ಒಬ್ಬೊಬ್ಬರನ್ನಾಗಿ ಬಿಟ್ಟು ಬರುವೆನೆಂದ. ಬೇಡವೆಂದಾಗ ಅವನ ಮುಖ ಸಣ್ಣದಾಯಿತು. ಗಾಡಿ ಹಳೆಯದಾದರೂ ಬ್ರೇಕು ಗಟ್ಟಿ ಇದೆ ಎಂದ. ಹಾಗಲ್ಲ, ನಡೆಯಲಿಕ್ಕೇ ಬಂದಿದ್ದೇವೆ ಎಂದಾಗ ದನಿ ತಗ್ಗಿಸಿ, "ಹರಕಿ ಏನ್ರಿ ಸಾವ್ಕಾರ್ರ? ಯಾರಿಗರೆ ಆರಾಮಿಲ್ಲೇನು?" ಎಂದು ಕೇಳಿದ. ವಿರೂಪಾಕ್ಷಪ್ಪನವರು ದಣಿವಿನಲ್ಲಿ ಹ್ಞೂಂ ಎಂದುಬಿಟ್ಟರು. ಹಿರಿಯರನ್ನು ಹರಕೆಯ ದಾರಿಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು ಸರಿಯಲ್ಲವೆಂದು ನಿಜಲಿಂಗಪ್ಪ ಬೈಕನ್ನು ಮೊದಲ ಗೇರಿನಲ್ಲಿಟ್ಟು, ಎರಡೂ ಕಾಲು ನೆಲಕ್ಕೆ ಉಜ್ಜುತ್ತ, ಮುಂದಿನ ಊರಿನವರೆಗೂ ಅವರ ಪಕ್ಕದಲ್ಲೇ ಬಂದ. ಹೊಗೆಯೆಲ್ಲ ವಿರೂಪಾಕ್ಷಪ್ಪನವರ ಪಾಲಿಗೆ.

ಅಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ನಡೆದಿತ್ತು. ಮುಂದಿನ ಊರಿನಲ್ಲಿ ಅವರಿಗೆ ಸಕ್ಕರೆ ಕಾಯಿಲೆ. ಅದರಾಚೆಯ ಊರಿನಲ್ಲಿ ಕಿಡ್ನಿ. ಪ್ರತಿ ಕಟ್ಟೆಯ ಮೇಲೂ ಕೂರಿಸಿ, ಚಹಾ ಕುಡಿಸಿ, ಗುಣವಾಗುತ್ತದೆ ಬಿಡ್ರಿ ಎಂದು ಧೈರ್ಯ ಹೇಳಿ ಕಳಿಸಿದರು. ಒಬ್ಬ ಅಜ್ಜ ಯಾವುದೋ ಬೇರು ಕೊಟ್ಟ. ಅದನ್ನು ತೇಯ್ದು ಕುಡಿಯಬೇಕೋ ಕಟ್ಟಿಕೊಳ್ಳಬೇಕೋ ಕೇಳುವಷ್ಟು ತ್ರಾಣವೂ ವಿರೂಪಾಕ್ಷಪ್ಪನವರಲ್ಲಿ ಉಳಿದಿರಲಿಲ್ಲ.

ಇವಿಷ್ಟೇ ಆಗಿದ್ದರೆ ತಡೆದಿದ್ದರೇನೋ. ಆದರೆ ಅದು ಮೆಣಸಿನಕಾಯಿ ಒಣಗುವ ಕಾಲ. ಹೊಲಹೊಲದಲ್ಲೂ ಕಣ ಮಾಡಿ ಕೆಂಪಗೆ ಹರವಿದ್ದರು. ಮೂಗಿಗೆ ಘಾಟು ಬಡಿದರೆ ಸಾಕು, ಅವರ ಕಾಲು ತಾನಾಗಿ ದಾರಿ ಬಿಟ್ಟು ಕಣಕ್ಕೆ ಇಳಿಯುತ್ತಿತ್ತು. ಕೂತು ಒಂದು ಕಾಯಿ ಎತ್ತುವುದು, ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸಪ್ಪಳ ಕೇಳುವುದು, ಮುರಿದು ಮೂಸುವುದು, ಅಂಗೈಗೆ ಉಜ್ಜಿ ಬಣ್ಣ ನೋಡುವುದು. ಬೇಕೆಂದು ಮಾಡುವುದಲ್ಲ, ಕೆಲವರು ನಿದ್ದೆಯಲ್ಲಿ ಮಾತಾಡುತ್ತಾರಲ್ಲ, ಹಾಗೆ. ಎದ್ದು ನಿಲ್ಲುವಾಗ ಮಾತ್ರ ಪ್ರತಿ ಸಲವೂ ಸೊಂಟ ತನ್ನ ಲೆಕ್ಕ ಕೇಳುತ್ತಿತ್ತು. ಶ್ರೀದೇವಿ ಮುಂದೆ ಬೇವಿನ ಮರದ ನೆರಳಿನಲ್ಲಿ ನಿಂತು ಕಾಯುತ್ತಿದ್ದಳು. ಆಕೆ ಬೈಯಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ಗಿರಾಕಿ ಮಾಲು ನೋಡುವಂಥ ಆ ನೋಟವನ್ನು ಅವರು ಗಮನಿಸಬೇಕಿತ್ತು, ಗಮನಿಸಲಿಲ್ಲ.

ಹಲಗೇರಿಯಲ್ಲಿ ಶೇಖವ್ವನ ಮನೆ. ಹತ್ತೆಕರೆ ಹೊಲವನ್ನು ಒಬ್ಬಳೇ ಮಾಡಿಸುವ ವಿಧವೆ, ಇವರ ಅಂಗಡಿಗೆ ಬಹಳ ವರ್ಷದಿಂದ ಮಾಲು ಹಾಕುವವಳು. ಎಣಗಾಯಿ, ಖಡಕ್ ರೊಟ್ಟಿ, ಕೆನೆಮೊಸರು ಎಲ್ಲ ಆಕೆ ಮಾಡಿಟ್ಟಿದ್ದಳು. ಆದರೆ ಕಿಡ್ನಿಯ ಸುದ್ದಿ ಅಲ್ಲಿಗೂ ಮುಟ್ಟಿದ್ದರಿಂದ ವಿರೂಪಾಕ್ಷಪ್ಪನವರಿಗೆ ಉಪ್ಪಿಲ್ಲದ ಗಂಜಿ. ಹರಕೆಯ ಮಾತಿಗೆ ಹ್ಞೂಂ ಎಂದ ಮೇಲೆ ಎಣಗಾಯಿ ಕೇಳುವುದು ಹೇಗೆ? ಬೂಟು ಕಳಚಿದರೆ ಹಿಮ್ಮಡಿಯಲ್ಲಿ ಒಂದೊಂದು ಬೊಬ್ಬೆ, ಒಳ್ಳೆಯ ಡಬ್ಬಿ ಮೆಣಸಿನಕಾಯಿಯಷ್ಟು ಕೆಂಪಗೆ, ಉಬ್ಬಿಕೊಂಡು. ನಾಳೆ ಬಸ್ಸಿದೆ ಎಂದು ಅವರು ಗೋಡೆಗೆ ಹೇಳಿದರು. ಗೋಡೆಯ ಬದಲಿಗೆ ಹೆಂಡತಿ, "ಬಸ್ಸಿಗೆ ಗಾಲಿ ಇರತಾವ್ರಿ," ಎಂದಳು.

ಬುಧವಾರ ರಾಣೇಬೆನ್ನೂರನ್ನು ಬದಿಗಿಟ್ಟು ಅಡವಿಯ ದಾರಿ ಹಿಡಿದರು. ಅಡವಿಯೆಂದರೆ ನೀಲಗಿರಿ, ಜಾಲಿ, ನಡುವೆ ಕುರುಚಲು. ಶ್ರೀದೇವಿ ಇಲ್ಲಿ ಬಹಳ ನಿಧಾನವಾದಳು. ಒಂದು ಕಡೆ ನಿಂತೇಬಿಟ್ಟಳು. ದೂರದಲ್ಲಿ ಕೃಷ್ಣಮೃಗದ ಹಿಂಡೊಂದು ಕತ್ತೆತ್ತಿ ಇವರನ್ನು ನೋಡುತ್ತಿತ್ತು. "ಇಷ್ಟ ಹತ್ರ ಇದ್ದು ಒಮ್ಮೆನೂ ನೋಡಿರಲಿಲ್ಲ ನೋಡ್ರಿ," ಎಂದಳು, ಯಾರಿಗೂ ಅಲ್ಲ ಎಂಬ ಹಾಗೆ. ಬಿಸಿಲಿಗೆ ಆಕೆಯ ಮುಖ ಕೆಂಪಾಗಿತ್ತು, ಕೂದಲಲ್ಲಿ ಒಂದು ಒಣ ಎಲೆ ಸಿಕ್ಕಿಕೊಂಡಿತ್ತು. ಆ ಕ್ಷಣ ವಿರೂಪಾಕ್ಷಪ್ಪನವರಿಗೆ, ಈಕೆ ಫ್ರಾನ್ಸಿಗೆ ಹೋದರೆ ಹೋಗಲಿ ಪಾಪ ಎನ್ನಿಸಿತು. ಅದರ ಬೆನ್ನಿಗೇ, ಈಕೆ ಹೋದರೆ ತಾನು ಮನೆಯಲ್ಲಿ ಒಬ್ಬನೇ ಚಟ್ನಿಯ ಡಬ್ಬಿಯ ಎದುರು ಕೂರುವುದೂ ಕಣ್ಣಿಗೆ ಬಂತು. ಗೆಲ್ಲಲೇಬೇಕು ಎಂದು ಹಲ್ಲು ಕಚ್ಚಿದರು. ಬೊಬ್ಬೆ ಒಡೆಯಿತು.

ಅಡವಿ ದಾಟಿ ಡಾಂಬರು ರಸ್ತೆಗೆ ಬಂದಾಗ ಗುಡ್ಡ ಕಾಣಿಸಿತು. ಗುಡಿಯ ಶಿಖರವೂ ಕಾಣಿಸಿತು. ಇನ್ನೊಂದು ಚಹಾ ಕುಡಿಯುವಷ್ಟು ದೂರ. ಇಬ್ಬರೂ ಮುಟ್ಟಿದರೆ ಪಂದ್ಯ ಸರಿಸಮ, ಸರಿಸಮವಾದರೆ ಮಾತನ್ನು ಎಳೆದಾಡಲು ಜಾಗ ಇರುತ್ತದೆ ಎಂದು ಅವರು ಮನಸ್ಸಿನಲ್ಲೇ ಹವಣಿಸುತ್ತಿದ್ದರು. ಆಗ ಎದುರಿನಿಂದ ಒಂದು ಟ್ರ್ಯಾಕ್ಟರು ಬಂತು. ಟ್ರೇಲರಿನ ತುಂಬ ಮೆಣಸಿನಕಾಯಿ ಚೀಲ, ಚಾಲಕನ ಸೀಟಿನಲ್ಲಿ ಕುಪ್ಪೇಲೂರಿನ ಗುಡ್ಡಪ್ಪ. ಇವರನ್ನು ಕಂಡು ನಿಲ್ಲಿಸಿದ, ಆದರೆ ಮುಖ ಮಾತ್ರ ಹೊಲದ ಕಡೆ ತಿರುಗಿಸಿಕೊಂಡ. ಕಾರಣವಿತ್ತು. ವರ್ಷಾನುಗಟ್ಟಲೆ ವಿರೂಪಾಕ್ಷಪ್ಪನವರ ಅಂಗಡಿಗೇ ಮಾಲು ತರುತ್ತಿದ್ದವನು ಈ ಸಲ ಪಕ್ಕದ ಅಂಗಡಿಯ ಕೈಸರನಿಗೆ ಒಯ್ಯುತ್ತಿದ್ದ, ಚೀಲಗಳ ಮೇಲೆಯೇ ಕೈಸರನ ಗುರುತಿತ್ತು.

ವಿರೂಪಾಕ್ಷಪ್ಪನವರ ಬೊಬ್ಬೆಗಳ ಉರಿ ಒಮ್ಮೆಗೇ ಆರಿತು. ಇನ್ನೊಂದು ಉರಿ ಹತ್ತಿತು.

"ಬಿಡ್ರಿ, ಕೈಸರಣ್ಣನ ಮಾಲು. ನಮಗ್ಯಾಕ," ಎಂದಳು ಶ್ರೀದೇವಿ. ಎರಡು ಹೆಜ್ಜೆ ಮುಂದೆ ಹೋದವಳು ತಿರುಗಿ, "ಬಣ್ಣ ಮಾತ್ರ ಬೆಂಕಿ ಐತಿ ನೋಡ್ರಿ," ಎಂದಳು.

"ಬಣ್ಣ ಮ್ಯಾಲಿನ ಚೀಲದಾಗ ಎಲ್ಲಾರದೂ ಬೆಂಕಿನ. ತಳದಾಗ ಹಸಿ ಇರತೈತಿ."

"ಇದರಾಗ ಇರಲಿಕ್ಕಿಲ್ಲ ಬಿಡ್ರಿ."

ಮೆಣಸಿನಕಾಯಿಯ ದಲಾಲನಿಗೆ ಇದಕ್ಕಿಂತ ದೊಡ್ಡ ಸವಾಲು ಇಲ್ಲ. ಕೆಳಗೆ ನಿಂತು ಮಾಲು ನೋಡಿದವನನ್ನು ಪೇಟೆಯಲ್ಲಿ ಯಾರೂ ವ್ಯಾಪಾರಸ್ಥ ಎನ್ನುವುದಿಲ್ಲ. ಹೇರಿನ ಮೇಲೆ ಹತ್ತಬೇಕು, ನಡುವಿನ ಚೀಲ ಸರಿಸಬೇಕು, ತಳದ ಚೀಲಕ್ಕೆ ಮೊಣಕೈವರೆಗೆ ತೋಳು ಇಳಿಸಿ ತಂಪು ಹತ್ತುತ್ತದೆಯೋ ನೋಡಬೇಕು. ಅವರು ಇದನ್ನೆಲ್ಲ ವಿಚಾರ ಮಾಡಿ ಹತ್ತಲಿಲ್ಲ. ಧೋತರ ಎತ್ತಿ ಕಟ್ಟಿ, ಗಾಲಿಯ ಮೇಲೆ ಕಾಲಿಟ್ಟು, ಹಗ್ಗ ಹಿಡಿದು, ಈ ಎರಡು ದಿನದಲ್ಲಿ ಒಮ್ಮೆಯೂ ತೋರಿಸದ ಚುರುಕಿನಲ್ಲಿ ಮೇಲೆ ಏರಿದ್ದರು. ತೋಳು ತಳಕ್ಕೆ ಇಳಿಯಿತು. ಬೆರಳ ತುದಿಗೆ ತಣ್ಣಗೆ ಹತ್ತಿತು.

"ನಾ ಹೇಳಿರಲಿಲ್ಲೇನು," ಎಂದು ವಿಜಯದಿಂದ ತಲೆ ಎತ್ತಿದರು. ಹೆಂಡತಿ ಟ್ರ್ಯಾಕ್ಟರಿನ ಮುಂದೆ ನಿಂತು ಗುಡ್ಡಪ್ಪನಿಗೆ ಏನೋ ಹೇಳಿ ಕೈ ಎತ್ತುತ್ತಿದ್ದಳು. ತಡೆಯಲು ಎತ್ತಿದ ಕೈ ಎಂದುಕೊಂಡರು. ತಡೆಯುವ ಕೈ ಹಾಗೆ ಊರಿನ ಕಡೆ ಬೀಸುವುದಿಲ್ಲ ಎಂಬುದು ಟ್ರ್ಯಾಕ್ಟರು ಜಗ್ಗಿದಾಗ ಗೊತ್ತಾಯಿತು.

ಮೊದಲ ಸಲ ನಿಲ್ಲಿಸು ಎಂದು ಕೂಗಿದ್ದು ಖರೆಯಾಗಿ. ಗುಡ್ಡಪ್ಪನ ಸ್ಪೀಕರಿನ ಹಾಡಿನಲ್ಲಿ ಅದು ಮುಳುಗಿತು. ಎರಡನೆಯ ಸಲ ಕೂಗಿದ್ದು ಮರ್ಯಾದೆಗೆ. ಮೂರನೆಯದಕ್ಕೆ ಬಾಯಿ ತೆರೆದರು, ಅಷ್ಟರಲ್ಲಿ ಬೆನ್ನಿಗೆ ಚೀಲವೊಂದು ಹದವಾಗಿ ಕೂತಿತು. ಬೂಟು ಕಳಚಿದರು. ಕಾಲಿಗೆ ಗಾಳಿ ಬಡಿಯಿತು. ಜಗತ್ತಿನಲ್ಲಿ ಇಂಥ ಗಾಳಿ ಒಂದಿದೆ ಎಂಬುದು ಅವರಿಗೆ ಮರೆತೇಹೋಗಿತ್ತು. ರಸ್ತೆಯ ಮೇಲೆ ಶ್ರೀದೇವಿ ಚಿಕ್ಕದಾಗುತ್ತ ಹೋದಳು. ಒಮ್ಮೆಯೂ ಹಿಂದಿರುಗಿ ನೋಡದೆ ಗುಡ್ಡದ ಕಡೆ ನಡೆಯುತ್ತಿದ್ದಳು. ಮುಂದಿನ ತಿರುವಿನಲ್ಲಿ ಇಳಿದುಬಿಡಬೇಕು ಎಂದು ವಿರೂಪಾಕ್ಷಪ್ಪನವರು ಗಟ್ಟಿಯಾಗಿ ನಿರ್ಧರಿಸಿ, ಆ ತಿರುವು ಬರುವವರೆಗೆ ಎಂದು ಕಣ್ಣು ಮುಚ್ಚಿದರು.

ಕಣ್ಣು ತೆರೆದಾಗ ಮೊದಲು ಕಂಡದ್ದು ಕೈಸರನ ಅಂಗಡಿಯ ಬೋರ್ಡು. ಆಮೇಲೆ ಕೈಸರ. ಆಮೇಲೆ ಅವನ ಹಿಂದೆ ನಿಂತ ಹಮಾಲರು, ಕಾರಕೂನರು, ಮರುದಿನದ ಟೆಂಡರಿಗೆ ಮಾಲು ತಂದಿದ್ದ ರೈತರು, ಅಂದರೆ ಪೇಟೆಗೆ ಪೇಟೆಯೇ. ಎಬ್ಬಿಸಲು ಯಾರಿಗೂ ಮನಸ್ಸಾಗಿರಲಿಲ್ಲ. ಸುತ್ತಲಿನ ಚೀಲಗಳನ್ನೆಲ್ಲ ಇಳಿಸಿ, ಅವರ ಕೆಳಗಿನ ಎರಡನ್ನು ಮಾತ್ರ ಬಿಟ್ಟಿದ್ದರು. ವಿರೂಪಾಕ್ಷಪ್ಪನವರು ಎದ್ದು ಕೂತು, ಎದೆಯ ಮೇಲೆ ಏನೋ ಸರಪರ ಎಂದದ್ದಕ್ಕೆ ಕೈ ಹಾಕಿದರು. ಅಂಗಿಯ ಗುಂಡಿಗೆ ದಾರದಿಂದ ಕಟ್ಟಿದ ಚೀಟಿ. ಟೆಂಡರಿಗೆ ಇಡುವ ರಾಶಿಗೆ ಕಟ್ಟುವ ಲಾಟ್ ಚೀಟಿ.

"ನಮ್ಮ ಅಂಗಡಿಗೆ ಬಂದ ಮಾಲಿಗೆ ಲಾಟ್ ಹಾಕದ ಬಿಡೂದಿಲ್ರಿ ಅಣ್ಣಾರ," ಎಂದ ಕೈಸರ ಬಹಳ ವಿನಯದಿಂದ. "ಆದ್ರ ತಳ ಸ್ವಲ್ಪ ಹಸಿ ಐತಿ ಅನಸ್ತೈತಿ. ರೇಟು ಬರಾಂಗಿಲ್ಲ."

ಮನೆಗೆ ಹೋಗುವಾಗ ಅವರು ಬೂಟನ್ನು ಕೈಯಲ್ಲಿ ಹಿಡಿದಿದ್ದರು. ಅದೊಂದು ಹಾದಿಯನ್ನು ಮಾತ್ರ ಪೂರ್ತಿ ನಡೆದರು.

ದೀಪ ಹಚ್ಚುವ ಹೊತ್ತಿಗೆ ಶ್ರೀದೇವಿ ಬಸ್ಸಿನಲ್ಲಿ ಬಂದಳು. ಗುಡ್ಡ ಮುಟ್ಟಿದ ಮೇಲೆ ಗಾಲಿಗೆ ದೋಷವಿಲ್ಲ. ಸೀರೆಯ ಅಂಚಿಗೆ ಅಡವಿಯ ಮುಳ್ಳು, ಹಣೆಯ ತುಂಬ ಮಾಲತೇಶನ ಅರಿಸಿನದ ಭಂಡಾರ. ವಿರೂಪಾಕ್ಷಪ್ಪನವರು ಬಿಸಿನೀರು ತುಂಬಿದ ತಗಡಿನ ಬುಟ್ಟಿಯಲ್ಲಿ ಕಾಲಿಟ್ಟು ಕೂತಿದ್ದರು. ಆಕೆ ಬಂದು, ಒಂದು ಚಿಟಿಕೆ ಭಂಡಾರ ಅವರ ಹಣೆಗೂ ಹಚ್ಚಿ, ಎದುರಿಗೆ ಕೂತಳು.

ಅವರು ಬರುವ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾದವನ್ನು ಬಿಚ್ಚಿದರು. "ನೋಡು, ನಾ ಗಾಲಿ ಮ್ಯಾಲ ಇರಲಿಲ್ಲ. ನಾ ಇದ್ದದ್ದು ಮಾಲಿನ ಮ್ಯಾಲ."

"ಮಾಲು ಯಾತರ ಮ್ಯಾಲಿತ್ರಿ?"

ನೀರು ಆರುತ್ತಿತ್ತು. ಅವರು ನೀರನ್ನೇ ನೋಡುತ್ತ, "ಆತು. ಹೋಗಿ ಬಾ," ಎಂದರು. ಮಾತು ಮಾತೇ. ಆಮೇಲೆ ಕಾಲನ್ನು ನೀರಿನಲ್ಲಿ ಆಡಿಸುತ್ತ, ಬೇಸಿಗೆಯಲ್ಲಿ ಪೇಟೆ ತಣ್ಣಗಿರುತ್ತದೆ, ಅಂಗಡಿಯಲ್ಲಿ ತನಗೂ ಅಂಥ ಕೆಲಸವೇನೂ ಇರುವುದಿಲ್ಲ ಎಂದು, ಯಾರೋ ಕೇಳಿದ್ದಕ್ಕೆ ಹೇಳಿದ ಹಾಗೆ ಹೇಳಿದರು. ಯಾರೂ ಕೇಳಿರಲಿಲ್ಲ.

"ಗೊತ್ತೈತ್ರಿ. ಇಬ್ಬರದೂ ಹೆಸರು ಹಚ್ಚಂತ ಸುರೇಖಾಗ ಬಸ್ಸಿನ್ಯಾಗ ಕುಂತ ಫೋನ್ ಮಾಡೇನಿ."

ವಿರೂಪಾಕ್ಷಪ್ಪನವರ ಮುಖ ಅರಳಿತು. ಅರಳುತ್ತಿದ್ದ ಹಾಗೇ ಕಣ್ಣು ಬುಟ್ಟಿಯೊಳಗಿನ ಹಿಮ್ಮಡಿಗಳ ಮೇಲೆ ಬಿದ್ದು ಮುದುಡಿತು. "ಅಷ್ಟು ದೂರ ನಾ ಹ್ಯಾಂಗ ನಡೀಲಿ?"

"ನಿಮಗ್ಯಾರು ನಡೀರಿ ಅಂದ್ರು? ಅಲ್ಲಿ ಗಂಟು ಒಯ್ಯಾಕ ವ್ಯಾನು ಬರತೈತಲ್ಲ. ಮುಂಜಾನೆ ಅದರಾಗ ನಿಮ್ಮನ್ನ ಕುಂದರಿಸಿ ಕಳಸ್ತೇನಿ. ಸಂಜಿಮುಂದ ನಾವು ನಡಕೋತ ಬಂದು ಇಳಿಸ್ಕೋತೇವಿ."

ಆಕೆ ಎದ್ದು, ಆರಿದ ನೀರಿನ ಬುಟ್ಟಿ ತೆಗೆದುಕೊಂಡು ಬಚ್ಚಲಿನ ಕಡೆ ಹೊರಟಳು. ವಿರೂಪಾಕ್ಷಪ್ಪನವರು ಅಂಗಿಯ ಗುಂಡಿಯಲ್ಲಿ ಇನ್ನೂ ತೂಗುತ್ತಿದ್ದ ಚೀಟಿಯನ್ನು ಬಿಚ್ಚಿ, ಮುದುರಿ, ಒಗೆಯಲು ಕೈ ಎತ್ತಿದರು.

"ಒಗೀಬ್ಯಾಡ್ರಿ ಅದನ್ನ," ಎಂದಳು ಶ್ರೀದೇವಿ ತಿರುಗದೆಯೇ. "ಅಲ್ಲಿ ಚೀಟಿ ಇಲ್ಲದ ಗಂಟು ಹತ್ತಿಸ್ಕೊಳ್ಳೂದಿಲ್ಲಂತ."